ತವರದ ಪಾತ್ರೆಯೂ ಸೂಕ್ಷ್ಮರಂಧ್ರವೂ

ಸಾರಿನ ರುಚಿ ಬೇಳೆಯಲ್ಲಿದೆಯೋ, ಪುಡಿಯಲ್ಲಿದೆಯೋ, ಒಗ್ಗರಣೆಯಲ್ಲಿದೆಯೋ ಎಂಬುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ವಾದ. ನನ್ನ ಪತ್ನಿಯ ಸಿದ್ಧಾಂತ ಈ ಮೂರಕ್ಕೂ ಹೊರತಾದದ್ದು. ಸಾರಿನ ರುಚಿ ಪಾತ್ರೆಯಲ್ಲಿದೆ ಎಂಬುದು ಆಕೆಯ ಮತ. ಮದುವೆಯಾಗಿ ಬರುವಾಗ ಆಕೆ ತನ್ನ ತಾಯಿ ಕೊಟ್ಟ ತವರದ ಪಾತ್ರೆಯೊಂದನ್ನು ತಂದಿದ್ದಳು. ತವರಿನಿಂದ ಬಂದದ್ದು ತವರದ ಪಾತ್ರೆಯೇ ಆಗಬೇಕಷ್ಟೆ ಎಂದು ನಾನು ಶ್ಲೇಷೆ ಮಾಡಿ ನಕ್ಕಾಗ, "ನಿಮ್ಮ ಪಂಡಿತಿಕೆಯಿಂದ ಹೊಟ್ಟೆ ತುಂಬುವುದಿಲ್ಲ, ಏಳಿ, ಕೈ ತೊಳೆಯಿರಿ" ಎಂದಳು. ಅಂದು ಆ ಪಾತ್ರೆಯ ಸಾರನ್ನು ಮೂರು ಸಲ ಬಡಿಸಿಕೊಂಡು ಉಂಡದ್ದು ನನಗೆ ಈಗಲೂ ಜ್ಞಾಪಕವಿದೆ. ಅಲ್ಲಿಂದ ಮುಂದೆ ಆಕೆಯ ಸಿದ್ಧಾಂತವನ್ನು ಖಂಡಿಸುವ ಗೋಜಿಗೆ ನಾನು ಹೋಗಲಿಲ್ಲ.

ತವರದ ಪಾತ್ರೆಯಲ್ಲಿ ಅಡುಗೆ ಮಾಡುವುದು ಒಂದು ವ್ರತವಿದ್ದಂತೆ. ಒಲೆಯ ಮೇಲೆ ಇಡುವುದಕ್ಕೆ ಮುಂಚೆಯೇ ಅದರಲ್ಲಿ ನೀರು ಇರಬೇಕು. ಸಾರು ಬತ್ತುವ ತನಕ ಬಿಡಬಾರದು. ಒಗ್ಗರಣೆಯನ್ನು ಬೇರೆ ಸೌಟಿನಲ್ಲಿಯೇ ಹಾಕಬೇಕು. ತವರವು ೨೩೨ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗತಕ್ಕ ಲೋಹ. ಒಳಗೆ ನೀರು ಇರುವವರೆಗೆ ಪಾತ್ರೆಯ ಶಾಖ ನೀರು ಕುದಿಯುವ ಮಟ್ಟವನ್ನು ಹೆಚ್ಚಾಗಿ ಮೀರುವುದಿಲ್ಲ. ನೀರು ಹೋಯಿತೋ, ಪಾತ್ರೆಯೂ ಹೋಯಿತು. ನನ್ನ ಪತ್ನಿ ಈ ವ್ರತವನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಒಂದು ದಿನವಾದರೂ ತಪ್ಪದೆ ನಡೆಸಿದಳು. ಕೆಡಿಸಿದವನು ನಾನು. ಆಕೆ ಊರಿಗೆ ಹೋಗಿದ್ದ ಒಂದು ದಿನ ಸಾರು ಬಿಸಿಮಾಡಿಕೊಳ್ಳೋಣವೆಂದು ಖಾಲಿ ಪಾತ್ರೆಯನ್ನು ಗ್ಯಾಸಿನ ಒಲೆಯ ಮೇಲೆ ಇಟ್ಟು, ಸಾರನ್ನು ತರುವುದಕ್ಕೆ ತಿರುಗಿದೆ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೂಗಿದರು. ಎರಡು ಮಾತು ಆಡಿ ಒಳಗೆ ಬರುವ ವೇಳೆಗೆ ಪಾತ್ರೆಯ ತಳವು ಕರಗಿ ಒಲೆಯ ಮೇಲೆ ಪಾದರಸದಂತೆ ಹೊಳೆಯುತ್ತ ಹರಿಯುತ್ತಿದ್ದಿತು. ಆಕೆ ಹಿಂದಿರುಗಿ ಬಂದು ನೋಡಿದಳು, ಬಯ್ಯಲಿಲ್ಲ. ಬಯ್ದಿದ್ದರೆ ಲೇಸಾಗಿತ್ತು.

ಆ ಮೌನವನ್ನು ಸಹಿಸಲಾರದೆ ನಾನು ಪಟ್ಟಣದ ಪಾತ್ರೆಯ ಅಂಗಡಿಗೆ ಹೋಗಿ ಅಂಥದೇ ಇನ್ನೊಂದನ್ನು ಕೊಂಡು ತಂದೆ. ಇದು ನಡೆದು ಸುಮಾರು ಎಂಟು ವರ್ಷಗಳಾದುವು. ಹಳೆಯ ಪಾತ್ರೆಗಿಂತ ಇದು ಕೈಗೆ ಭಾರವಾಗಿದ್ದಿತು. ಬೆಲೆಯೋ, ನಾನು ಊಹಿಸಿದ್ದಕ್ಕಿಂತ ಕಡಿಮೆ. ಭಾರವಾದದ್ದು ಗಟ್ಟಿಯಾದದ್ದು, ಗಟ್ಟಿಯಾದದ್ದು ಶುದ್ಧವಾದದ್ದು ಎಂದು ನಾನು ತರ್ಕಿಸಿದೆ. ಐದು ವರ್ಷ ಪಾಠಶಾಲೆಯಲ್ಲಿ ನ್ಯಾಯಶಾಸ್ತ್ರವನ್ನು ಓದಿದವನ ತರ್ಕ ಇದು! ಹೇತ್ವಾಭಾಸಗಳನ್ನು ಲಕ್ಷಣಸಹಿತ ಒಪ್ಪಿಸಿ ಗುರುಗಳಿಂದ ಶಾಲು ಹೊದಿಸಿಕೊಂಡವನು ಪಾತ್ರೆಯಂಗಡಿಯ ಕಟ್ಟೆಯ ಮೇಲೆ ಒಂದು ಹೇತ್ವಾಭಾಸವನ್ನು ದುಡ್ಡು ಕೊಟ್ಟು ಕೊಂಡು ಮನೆಗೆ ತಂದನು.

ಇದರಲ್ಲಿ ನಾಚಿಕೆಗೆ ಇನ್ನೂ ಒಂದು ಕಾರಣ ಉಂಟು. ಪಾಠಶಾಲೆಯಲ್ಲಿ ನನ್ನ ಕೊಠಡಿಯ ಸಹವಾಸಿಯಾಗಿದ್ದವನು ಆಯುರ್ವೇದದ ವಿದ್ಯಾರ್ಥಿ. ಅವನು ರಸರತ್ನಸಮುಚ್ಚಯದ ಲೋಹಪ್ರಕರಣವನ್ನು ಬೆಳಗಿನ ಜಾವದಲ್ಲಿ ಗಟ್ಟಿಮಾಡುವಾಗ ಕೇಳಿ ಕೇಳಿ ನನಗೂ ಅದು ಬಾಯಿಗೆ ಬಂದಿದ್ದಿತು. ಆ ಗ್ರಂಥದಲ್ಲಿ ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣಗಳು ಶುದ್ಧಲೋಹಗಳು. ನಾಗ ಮತ್ತು ವಂಗ, ಎಂದರೆ ಸೀಸ ಮತ್ತು ತವರ, ಪೂತಿಲೋಹಗಳು. ವಂಗದಲ್ಲಿಯೂ ಖುರಕವೆಂದೂ ಮಿಶ್ರಕವೆಂದೂ ಎರಡು ಬಗೆ. ಮೊದಲನೆಯದು ಗ್ರಾಹ್ಯ, ಎರಡನೆಯದು ಹೀನ. ಮಿಶ್ರಕವೆಂಬ ಹೆಸರೇ ಕೂಗಿ ಹೇಳುತ್ತಿದೆ. ಅಮರಸಿಂಹನಂತೂ ಸೀಸದ ಹೆಸರುಗಳು ಮುಗಿದೊಡನೆಯೇ ಉಸಿರುಬಿಡದೆ ತವರದ ಹೆಸರುಗಳನ್ನು ಹೇಳುತ್ತಾನೆ. ಒಂದರ ಮಗ್ಗುಲಲ್ಲಿ ಇನ್ನೊಂದು ಇದೆ. ಸೀಸಕ್ಕೆ ಅವನು ಹೇಳುವ ಹೆಸರುಗಳಲ್ಲಿ ಯೋಗೇಷ್ಟ ಎಂಬುದೊಂದು. ಯೋಗಕ್ಕೆ, ಎಂದರೆ ಕೂಡಿಕೆಗೆ, ಇಷ್ಟವಾದದ್ದು ಎಂದು ಪದದ ಅರ್ಥ. ನಾಗ ಎಂಬುದು ಇನ್ನೊಂದು. ಈ ಪದಗಳನ್ನು ನಾನು ಮಕ್ಕಳಿಗೆ ಎಷ್ಟು ವರ್ಷ ಹೇಳಿಕೊಟ್ಟಿದ್ದೇನೆ! ತವರದ ಜೊತೆಗೆ ಸೀಸ ಸೇರಿಕೊಳ್ಳುತ್ತದೆಂದೂ, ಸೇರಿದರೆ ತೂಕ ಹೆಚ್ಚಿ ಬೆಲೆ ಇಳಿಯುತ್ತದೆಂದೂ ಅಂಗಡಿಯಲ್ಲಿ ನನಗೆ ಹೊಳೆಯಲಿಲ್ಲ. ಓದಿದ್ದು ನಾಲಗೆಯ ಮೇಲೆಯೇ ಉಳಿದಿದ್ದಿತು, ಕೈಗೆ ಇಳಿದಿರಲಿಲ್ಲ.

ಹೊಸ ಪಾತ್ರೆಯ ಸಾರನ್ನು ಉಂಡು ನಾನು, "ಹಳೆಯದಕ್ಕಿಂತಲೂ ಇದೇ ಮೇಲು" ಎಂದೆ. ಪಶ್ಚಾತ್ತಾಪಪಟ್ಟ ಗಂಡಸು ಹೇಳುವ ಮಾತು ಅದು; ಆಕೆಗೂ ಅದು ಗೊತ್ತು. ಆದರೂ ಆಕೆ ನಕ್ಕಳು. ಆ ನಗುವಿಗಾಗಿಯೇ ಆ ಪಾತ್ರೆ ನನಗೆ ಪ್ರಿಯವಾಯಿತು. ಮೂರು ವರ್ಷಗಳ ಹಿಂದೆ ಆಕೆ ತೀರಿಕೊಂಡ ಮೇಲೆ ಅದು ಇನ್ನೂ ಪ್ರಿಯವಾಯಿತು. ಅಡುಗೆಯ ಮನೆ ಸೊಸೆಯ ಕೈಗೆ ಬಂದರೂ ಸಾರು ಮಾತ್ರ ಆ ಪಾತ್ರೆಯಲ್ಲಿಯೇ ಆಗಬೇಕೆಂದು ನನ್ನ ಕಟ್ಟಳೆ.

ಸೊಸೆ ಓದಿದವಳು, ಮಿತಭಾಷಿಣಿ. ಒಂದು ಸಂಜೆ ಆಕೆ ನನ್ನ ಬಳಿಗೆ ಬಂದು, "ಮಾವ, ಈಗಿನ ತವರದ ಪಾತ್ರೆಗಳಲ್ಲಿ ಸೀಸ ಬೆರೆತಿರುತ್ತದೆಂದು ಓದಿದೆ. ನಮ್ಮದನ್ನು ಒಂದು ಸಲ ಎಲ್ಲಿಯಾದರೂ ಪರೀಕ್ಷೆ ಮಾಡಿಸೋಣವೆ?" ಎಂದು ಕೇಳಿದಳು. ನಾನು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ, "ನಿನ್ನ ಅತ್ತೆ ಇದೇ ಪಾತ್ರೆಯಲ್ಲಿ ಮಾಡಿ ಬಡಿಸಿದರಮ್ಮ. ಯಾರಿಗೆ ಏನಾಯಿತು?" ಎಂದೆ. ಆಕೆ ಮರುಮಾತಾಡಲಿಲ್ಲ. ಆಕೆ ಪಾತ್ರೆಯನ್ನಲ್ಲ, ನನ್ನ ಪತ್ನಿಯ ಕೈಯನ್ನೇ ಶಂಕಿಸಿದಳೆಂದು ನನಗೆ ತೋರಿ ಎರಡು ದಿನ ಮುಖ ಬಿಗಿದುಕೊಂಡಿದ್ದೆ. ಈ ಸಂಗತಿಯನ್ನು ಮುಚ್ಚಿಡುವುದು ಸುಲಭವಾಗಿದ್ದಿತು. ಆದರೆ ಈ ಲೇಖನವನ್ನು ಬರೆಯುವುದಕ್ಕೆ ಇದೇ ಮುಖ್ಯ ಕಾರಣವಾದುದರಿಂದ ಹೇಳಿದ್ದೇನೆ.

ನನ್ನ ಮೊಮ್ಮಗನಿಗೆ ಈಗ ಐದು ವರ್ಷ. ಸಾರನ್ನವೆಂದರೆ ಅವನಿಗೆ ಪ್ರಾಣ. ಕಳೆದ ವರ್ಷ ಅವನು ಸಣ್ಣಗಾಗುತ್ತ ಬಂದನು. ಆಗಾಗ ಹೊಟ್ಟೆನೋವು ಎನ್ನುವನು, ಮುಖ ಬಿಳಿಚಿಕೊಂಡಿದ್ದಿತು, ಮೊದಲು ಕಥೆ ಹೇಳೆಂದು ಪೀಡಿಸುತ್ತಿದ್ದ ಹುಡುಗ ಕಥೆಯ ನಡುವೆಯೇ ಎದ್ದುಹೋಗುವನು. ರಕ್ತಹೀನತೆಯೆಂದು ಒಬ್ಬ ವೈದ್ಯರು ಕಬ್ಬಿಣಾಂಶದ ಔಷಧವನ್ನು ಕೊಟ್ಟರು. ಗುಣ ಕಾಣಲಿಲ್ಲ. ಎರಡನೆಯ ವೈದ್ಯರು ರಕ್ತದಲ್ಲಿ ಸೀಸವಿದೆಯೇ ನೋಡಿಸಿ ಎಂದರು. ಫಲಿತಾಂಶ ಬಂದಿತು: ರಕ್ತದ ಪ್ರತಿ ಡೆಸಿಲೀಟರಿಗೆ ೧೪ ಮೈಕ್ರೋಗ್ರಾಂ. ಐದು ಮೈಕ್ರೋಗ್ರಾಂ ಮುಟ್ಟಿದರೆ ಮೂಲವನ್ನು ಹುಡುಕಿ ತೆಗೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೧ರಲ್ಲಿ ಹೇಳಿದೆ. ನಿರಪಾಯವಾದ ಪ್ರಮಾಣವೆಂಬುದು ಸೀಸಕ್ಕೆ ಇಲ್ಲವೇ ಇಲ್ಲವೆಂಬುದೂ ಅದರ ಮತ.

ಸೀಸವು ಮೈಯೊಳಗೆ ಮಾಡುವ ಕೆಲಸವನ್ನು ವೈದ್ಯರು ನನಗೆ ತಿಳಿಯುವಂತೆ ವಿವರಿಸಿದರು. ಅದು ವೇಷಧಾರಿ. ಸುಣ್ಣದ ಅಂಶವಾದ ಕ್ಯಾಲ್ಸಿಯಮ್ಮಿನ ವೇಷದಲ್ಲಿ ಒಳಗೆ ಹೋಗಿ, ಅದು ಕೂರತಕ್ಕ ಪೀಠಗಳಲ್ಲಿ ತಾನು ಕುಳಿತುಕೊಳ್ಳುತ್ತದೆ. ನರಗಳ ವ್ಯವಹಾರವನ್ನು ಕೆಡಿಸುತ್ತದೆ. ರಕ್ತಕ್ಕೆ ಕೆಂಪು ಕೊಡುವ ವಸ್ತು ಹುಟ್ಟುವುದನ್ನು ತಡೆಯುತ್ತದೆ. ಕೊನೆಗೆ ಮೂಳೆಯಲ್ಲಿ ಮನೆ ಮಾಡಿಕೊಂಡು ವರ್ಷಾಂತರಗಳ ವರೆಗೆ ಇರುತ್ತದೆ. ದೊಡ್ಡವರ ಹೊಟ್ಟೆ ಹೀರಿಕೊಳ್ಳುವುದಕ್ಕಿಂತ ಮಕ್ಕಳ ಹೊಟ್ಟೆ ನಾಲ್ಕೈದು ಪಾಲು ಹೆಚ್ಚಾಗಿ ಅದನ್ನು ಹೀರಿಕೊಳ್ಳುತ್ತದೆ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದಷ್ಟೂ ಸೀಸಕ್ಕೆ ದಾರಿ ಅಗಲ. ಹುಣಿಸೆಯ ಹುಳಿಯು ಪಾತ್ರೆಯಿಂದ ಸೀಸವನ್ನು ಬಿಡಿಸಿಕೊಳ್ಳುವುದರಲ್ಲಿ ಸಮರ್ಥ. ಇಷ್ಟು ಕೇಳಿದ ಮೇಲೆ ನಾನು ಸೊಸೆಯ ಮುಖವನ್ನು ನೋಡಲಿಲ್ಲ. ಆಕೆಯೂ ನನ್ನ ಮುಖವನ್ನು ನೋಡಲಿಲ್ಲ. ಮನೆಗೆ ಬಂದವಳು ಆ ಪಾತ್ರೆಯನ್ನು ಕೆಳಗಿಳಿಸಿ, ತೊಳೆದು ಒರಸಿ, ನನ್ನ ಮೇಜಿನ ಮೇಲೆ ತಂದಿಟ್ಟಳು. ಅಷ್ಟೆ.

ನನ್ನ ಹಳೆಯ ಶಿಷ್ಯನೊಬ್ಬನು ಬೆಂಗಳೂರಿನಲ್ಲಿ ವಿಜ್ಞಾನದ ಸಂಶೋಧನೆ ಮಾಡುತ್ತಿದ್ದಾನೆ. ಸಂಸ್ಕೃತದಲ್ಲಿ ಅವನಿಗೆ ನಾನು ಕೊಟ್ಟ ಅಂಕಗಳು ಬಹಳ ಕಡಿಮೆ. ಅವನು ನನ್ನಲ್ಲಿ ಇಟ್ಟಿರುವ ಗೌರವ ಬಹಳ ಹೆಚ್ಚು. ಅವನಿಗೆ ಹೇಳಿ ಕಳುಹಿಸಿ, ಪಾತ್ರೆಯನ್ನು ಅವನ ಕೈಯಲ್ಲಿ ಕೊಟ್ಟೆ. ಒಂದು ವಾರದ ಮೇಲೆ ಅವನು ಅದನ್ನು ಹಿಂದಕ್ಕೆ ತಂದನು. ಎಕ್ಸ್‌ಕಿರಣ ಬಿಟ್ಟು ಲೋಹಗಳನ್ನು ಗುರುತಿಸುವ ಯಂತ್ರವೊಂದು ಉಂಟಂತೆ. ಅದರಲ್ಲಿ ನೋಡಿದಾಗ ಪಾತ್ರೆಯ ಲೋಹದಲ್ಲಿ ಮೂರನೆಯ ಒಂದು ಪಾಲಿನಷ್ಟು ಸೀಸ. "ಮಿಶ್ರಕ" ಎಂದೆ ನಾನು. "ಏನಂದಿರಿ ಮೇಷ್ಟ್ರೇ?" ಎಂದನು ಅವನು. "ಏನಿಲ್ಲಪ್ಪ" ಎಂದೆ.

ಸ್ವಲ್ಪ ಹೊತ್ತಿನ ಮೇಲೆ ನಾನು ಅವನನ್ನು ಕೇಳಿದ್ದು ಎರಡು ಪ್ರಶ್ನೆ. ಮೊದಲನೆಯದು: ನನ್ನ ಪತ್ನಿಗೆ ಕೊನೆಯ ವರ್ಷಗಳಲ್ಲಿ ರಕ್ತದೊತ್ತಡ ಹೆಚ್ಚಾಗಿದ್ದಿತು, ಸೀಸದಿಂದ ಹಾಗಾಗುವುದುಂಟೆ? ಅವನು ಬಹಳ ಹೊತ್ತು ಸುಮ್ಮನಿದ್ದು, "ಆಗುವುದುಂಟು. ಆದರೆ ಅವರಿಗೆ ಅದರಿಂದಲೇ ಆಯಿತೆಂದು ಹೇಳುವುದಕ್ಕೆ ಬರುವುದಿಲ್ಲ, ಮೇಷ್ಟ್ರೇ. ಆ ವಯಸ್ಸಿನಲ್ಲಿ ಬೇರೆ ಕಾರಣಗಳು ಎಷ್ಟೋ" ಎಂದನು. ಅಲ್ಲವೆಂದು ಹೇಳುವುದಕ್ಕೂ ಬರುವುದಿಲ್ಲವೆಂಬುದನ್ನು ಅವನೂ ಆಡಲಿಲ್ಲ, ನಾನೂ ಆಡಲಿಲ್ಲ. ಎರಡನೆಯದು: ಪಾತ್ರೆಯನ್ನು ಬೆಂಗಳೂರಿಗೆ ಹೊರುವುದೇಕೆ? ಸಾರಿನಲ್ಲಿ, ಕುಡಿಯುವ ನೀರಿನಲ್ಲಿ ಸೀಸ ಇದೆಯೇ ಎಂದು ಮನೆಯಲ್ಲಿಯೇ ಕೂತು ತಿಳಿಯುವ ಉಪಾಯವಿಲ್ಲವೆ? ಈ ಪ್ರಶ್ನೆ ಕೇಳಿದೊಡನೆ ಅವನ ಮುಖ ಅರಳಿತು. ಅವನು ಕೆಲಸ ಮಾಡುತ್ತಿರುವುದು ಅದರ ಆಸುಪಾಸಿನಲ್ಲಿಯೇ ಎಂದು ಆಗ ನನಗೆ ಗೊತ್ತಾಯಿತು. ಅಂದು ಅವನು ಹೇಳಿದ್ದನ್ನು ನನಗೆ ತಿಳಿದಮಟ್ಟಿಗೆ ವಾಚಕರ ಮುಂದೆ ಇಡುತ್ತೇನೆ.

ತರ್ಕಶಾಸ್ತ್ರ ಓದುವ ಹುಡುಗನಿಗೆ ಪರಮಾಣುವನ್ನು ತೋರಿಸುವುದು ಬೆಳಕಿಂಡಿಯ ದೃಷ್ಟಾಂತದಿಂದ. ಕತ್ತಲೆಯ ಕೋಣೆಗೆ ಸಣ್ಣ ಕಿಂಡಿಯಿಂದ ಬಿಸಿಲುಕೋಲು ಬೀಳುತ್ತದೆ. ಅದರಲ್ಲಿ ಧೂಳಿನ ಕಣಗಳು ತೇಲುತ್ತವೆ. ಅದು ತ್ರಸರೇಣು, ಕಣ್ಣಿಗೆ ಕಾಣತಕ್ಕವುಗಳಲ್ಲಿ ಅತ್ಯಂತ ಚಿಕ್ಕದು. ಅದರ ಆರನೆಯ ಒಂದು ಪಾಲು ಪರಮಾಣು. ಈ ಲೆಕ್ಕ ಇಂದಿನ ವಿಜ್ಞಾನಕ್ಕೆ ಸರಿಹೊಂದುವುದಿಲ್ಲ. ಧೂಳಿನ ಕಣವೊಂದರಲ್ಲಿ ಕೋಟ್ಯನುಕೋಟಿ ಪರಮಾಣುಗಳು ಇವೆ. ಆದರೆ ದೃಷ್ಟಾಂತ ಮಾತ್ರ ಒಳ್ಳೆಯದು. ಬಯಲಿನಲ್ಲಿ ಕಾಣದ ಕಣವು ಕಿಂಡಿಯಲ್ಲಿ ಕಾಣುತ್ತದೆ. ಶಿಷ್ಯನು ವಿವರಿಸಿದ ಉಪಾಯವೂ ಒಂದು ಕಿಂಡಿಯೇ. ಅದಕ್ಕೆ ನ್ಯಾನೋಪೋರ್ ಎಂದು ಹೆಸರು. ನಾನು ಸೂಕ್ಷ್ಮರಂಧ್ರವೆಂದು ಕರೆದುಕೊಂಡಿದ್ದೇನೆ.

ಒಂದು ಪುಟ್ಟ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ನಡುವೆ ಅತಿ ತೆಳುವಾದ ಕೊಬ್ಬಿನ ಪೊರೆಯನ್ನು ಕಟ್ಟಿ ಎರಡು ಪಾಲು ಮಾಡುತ್ತಾರೆ. ಪೊರೆಯ ದಪ್ಪ ಎರಡು ಅಣುಗಳಷ್ಟೆ. ಅದರ ಮೂಲಕ ವಿದ್ಯುತ್ತು ಹರಿಯುವುದಿಲ್ಲ. ಆ ಪೊರೆಯಲ್ಲಿ ಒಂದೇ ಒಂದು ರಂಧ್ರವನ್ನು ಕೂರಿಸಿ, ಎರಡು ಕಡೆಗೂ ವಿದ್ಯುತ್ತಿನ ತಂತಿಯನ್ನು ಇಳಿಬಿಟ್ಟರೆ, ಉಪ್ಪಿನ ಕಣಗಳು, ಇವುಗಳಿಗೆ ಅಯಾನುಗಳೆಂದು ಹೆಸರು, ರಂಧ್ರದ ಮೂಲಕ ಹಾಯತೊಡಗುತ್ತವೆ. ರಂಧ್ರದ ಅತ್ಯಂತ ಕಿರಿದಾದ ಭಾಗದ ಅಗಲ ೧.೪ ನ್ಯಾನೋಮೀಟರ್, ಎಂದರೆ ತಲೆಗೂದಲಿನ ದಪ್ಪದಲ್ಲಿ ಐವತ್ತು ಸಾವಿರದ ಒಂದು ಪಾಲಿಗೆ ಹತ್ತಿರ. ಅಷ್ಟು ಸಣ್ಣ ಬಾಗಿಲಿನಲ್ಲಿಯೂ ಸೆಕೆಂಡಿಗೆ ಅರವತ್ತು ಕೋಟಿಯಷ್ಟು ಅಯಾನುಗಳು ದಾಟುತ್ತವೆ. ಇಷ್ಟಾದರೂ ಹರಿಯುವ ವಿದ್ಯುತ್ತು ೧೦೦ ಪಿಕೋ ಆಂಪಿಯರ್ ಮಾತ್ರ. ಒಂದು ಪಿಕೋ ಆಂಪಿಯರೆಂದರೆ ಆಂಪಿಯರಿನ ಲಕ್ಷಕೋಟಿಯಲ್ಲಿ ಒಂದು ಪಾಲು. ಈ ಕ್ಷೀಣವಾದ ಪ್ರವಾಹವನ್ನು ಕ್ಷಣಕ್ಷಣವೂ ಅಳೆಯುತ್ತ ಕಾದಿರುತ್ತಾರೆ. ಯಾವುದಾದರೂ ಒಂದು ದೊಡ್ಡ ಅಣು ಬಂದು ರಂಧ್ರದಲ್ಲಿ ನಿಂತರೆ ದಾರಿ ಕಟ್ಟಿ ಪ್ರವಾಹ ಇಳಿಯುತ್ತದೆ. ಅದು ಹೋದರೆ ಮತ್ತೆ ಏರುತ್ತದೆ. ಎಷ್ಟು ಇಳಿಯಿತು, ಎಷ್ಟು ಹೊತ್ತು ಇಳಿದಿತ್ತು ಎಂಬುದರಿಂದ ಬಂದದ್ದು ಯಾರೆಂದು ತಿಳಿಯುತ್ತದೆ; ಎಷ್ಟು ಸಲ ಇಳಿಯಿತು ಎಂಬುದರಿಂದ ಅಂಥವರು ಎಷ್ಟು ಮಂದಿ ಇದ್ದಾರೆಂದು ತಿಳಿಯುತ್ತದೆ. ಕುರುಡನಾದ ಮುದುಕನು ಬಾಗಿಲಿಗೆ ಅಡ್ಡವಾಗಿ ಕುಳಿತು, ಬರುವ ಗಾಳಿ ತಡೆದದ್ದರಿಂದಲೇ ಒಳಗೆ ಬಂದದ್ದು ಮಗನೋ ಮೊಮ್ಮಗನೋ ಎಂದು ಹೇಳುವಂತೆ.

ಈ ಉಪಾಯದ ಮೂಲ ಹಳೆಯದು. ಅಮೆರಿಕದ ವಾಲೆಸ್ ಕೌಲ್ಟರ್ ಎಂಬುವನು ರಕ್ತದ ಕಣಗಳನ್ನು ಒಂದು ಸಣ್ಣ ತೂತಿನ ಮೂಲಕ ಹಾಯಿಸಿ, ವಿದ್ಯುತ್ತಿನ ಏರಿಳಿತದಿಂದ ಅವುಗಳನ್ನು ಎಣಿಸುವ ಕ್ರಮಕ್ಕೆ ೧೯೫೩ರಲ್ಲಿ ಹಕ್ಕುಪತ್ರ ಪಡೆದನು. ರಕ್ತಕಣದಿಂದ ಅಣುವಿಗೆ ಇಳಿಯಬೇಕಾದರೆ ತೂತೂ ಅಷ್ಟು ಸಣ್ಣದಾಗಬೇಕಷ್ಟೆ. ಅಂಥದನ್ನು ಮನುಷ್ಯನು ಕೊರೆಯುವುದಕ್ಕೆ ಮುಂಚೆಯೇ ಪ್ರಕೃತಿ ಕೊರೆದಿಟ್ಟಿದ್ದಿತು. ನಮಗೆ ಕುರುವನ್ನೂ ಕೀವನ್ನೂ ತರುವ ಸ್ಟೆಫೈಲೋಕಾಕಸ್ ಎಂಬ ರೋಗಾಣುವು ಒಂದು ವಿಷವನ್ನು ಸ್ರವಿಸುತ್ತದೆ. ಆಲ್ಫಾ ಹೀಮೋಲೈಸಿನ್ ಎಂಬ ಆ ವಿಷದ ಏಳು ತುಣುಕುಗಳು ಒಟ್ಟುಗೂಡಿ ಅಣಬೆಯ ಆಕಾರವನ್ನು ತಾಳಿ ನಮ್ಮ ಜೀವಕಣದ ಪೊರೆಯನ್ನು ತೂರಿಕೊಂಡು ನಿಲ್ಲುತ್ತವೆ. ಅಣಬೆಯ ನಡುವೆ ಕೊಳವೆ. ಕಣದ ಸತ್ತ್ವವೆಲ್ಲ ಅದರಿಂದ ಸೋರಿಹೋಗುತ್ತದೆ. ನಮ್ಮನ್ನು ಕೊಲ್ಲುವುದಕ್ಕೆ ಹುಟ್ಟಿದ ಆ ರಂಧ್ರವನ್ನೇ ವಿಜ್ಞಾನಿಗಳು ತೊಟ್ಟಿಯ ಪೊರೆಯಲ್ಲಿ ಕೂರಿಸಿದ್ದಾರೆ. ವಿಷಕ್ಕೆ ವಿಷ ಮದ್ದೆಂದು ಕೇಳಿದ್ದೆ. ವಿಷವೇ ವಿಷದ ದೂತನಾಗಬಹುದೆಂದು ಕೇಳಿದ್ದು ಅಂದೇ ಮೊದಲು.

ಡೇವಿಡ್ ಡೀಮರ್ ಎಂಬ ವಿಜ್ಞಾನಿ ೧೯೮೯ರಲ್ಲಿ ಈ ಬಗೆಯ ರಂಧ್ರದಲ್ಲಿ ಡಿಎನ್‌ಎ ಎಂಬ ಜೀವಸೂತ್ರವನ್ನು ದಾರದಂತೆ ಎಳೆದು ಓದಬಹುದೆಂದು ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಂಡನು. ಅಂಥ ಸೂತ್ರವು ರಂಧ್ರವನ್ನು ದಾಟಿದ್ದನ್ನು ೧೯೯೬ರಲ್ಲಿ ಅವನೂ ಅವನ ಸಂಗಡಿಗರೂ ಪ್ರಕಟಿಸಿದರು. ಆ ಮಾರ್ಗದಲ್ಲಿ ಈಗ ಅಂಗೈಯಲ್ಲಿ ಹಿಡಿಯುವಂಥ ಯಂತ್ರಗಳೇ ಬಂದಿವೆ. ಲೋಹದ ಕಡೆಗೆ ತಿರುಗಿದವನು ಹೇಗನ್ ಬೇಯ್ಲಿ. ಲೋಹದ ಅಯಾನು ಬಹಳ ಚಿಕ್ಕದು. ರಂಧ್ರದಲ್ಲಿ ಅದು ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಆದಕಾರಣ ಅವನ ಬಳಗದವರು ರಂಧ್ರದ ಒಳಗೋಡೆಯಲ್ಲಿ ಲೋಹವನ್ನು ಹಿಡಿಯತಕ್ಕ ಕೊಕ್ಕೆಗಳನ್ನು ಹುಟ್ಟುವಂತೆ ಮಾಡಿದರು. ಅಯಾನು ಬಂದು ಕೊಕ್ಕೆಗೆ ಸಿಕ್ಕಿ, ಸ್ವಲ್ಪ ಹೊತ್ತು ಇದ್ದು, ಬಿಡಿಸಿಕೊಂಡು ಹೋಗುತ್ತದೆ. ಒಂದೊಂದು ಲೋಹ ತಂಗುವ ಹೊತ್ತು ಒಂದೊಂದು ಬಗೆ. ಒಂದೇ ರಂಧ್ರದಿಂದ ಎರಡು ಮೂರು ಲೋಹಗಳನ್ನು ಒಟ್ಟಿಗೆ ಅಳೆಯಬಹುದೆಂದು ೨೦೦೦ದಲ್ಲಿ ಅವರು ತೋರಿಸಿದರು.

ಸೀಸಕ್ಕೆ ಹೂಡಿದ ಉಪಾಯ ಇನ್ನೂ ಸೊಗಸಾಗಿದೆ. ಗ್ವಾನೀನ್ ಎಂಬ ಅಕ್ಷರ ಹೆಚ್ಚಾಗಿರುವ ಡಿಎನ್‌ಎಯ ತುಂಡು ಸಾಮಾನ್ಯವಾಗಿ ಸಡಿಲವಾದ ದಾರದಂತೆ ಇರುತ್ತದೆ. ರಂಧ್ರದಲ್ಲಿ ಅದು ಕಣ್ಣು ಮಿಟುಕಿಸುವುದಕ್ಕಿಂತಲೂ ಬೇಗ ನುಸುಳಿಹೋಗುತ್ತದೆ. ನೀರಿನಲ್ಲಿ ಸೀಸವಿದ್ದರೆ ಆ ದಾರವು ಸೀಸದ ಅಯಾನನ್ನು ನಡುವೆ ಅವುಚಿಕೊಂಡು ಗಂಟಾಗಿ ಮಡಿಸಿಕೊಳ್ಳುತ್ತದೆ. ಗಂಟು ಬಿದ್ದ ದಾರ ಸೂಜಿಯ ಕಣ್ಣಿನಲ್ಲಿ ಹೋಗುವುದುಂಟೆ? ಅದು ರಂಧ್ರದ ಬಾಯಲ್ಲಿ ಸಿಕ್ಕಿಕೊಂಡು ಪ್ರವಾಹವನ್ನು ಬಹಳ ಹೊತ್ತು ತಡೆಯುತ್ತದೆ. ಕಾಗದದ ಮೇಲೆ ಮೂಡುವ ಗೆರೆಯಲ್ಲಿ ಆ ಉದ್ದನೆಯ ತಗ್ಗು ಕಂಡರೆ ಸೀಸ ಬಂದಿತೆಂದು ಅರ್ಥ. ಪಾದರಸವಾದರೆ ಥೈಮೀನ್ ಎಂಬ ಎರಡು ಅಕ್ಷರಗಳ ನಡುವೆ ಕೊಂಡಿಯಂತೆ ಕೂತು ದಾರವನ್ನು ಬಾಗಿಸುತ್ತದೆ. ಈ ಗುಣವನ್ನು ಹಿಡಿದು ಚೀನದ ವಿಜ್ಞಾನಿಗಳು ೨೦೧೧ರಲ್ಲಿ ಪಾದರಸವನ್ನು ಗುರುತಿಸಿದರು. ಮಗ್ಗದ ಮುಂದೆ ಕುಳಿತ ನೇಕಾರನು ನೂಲಿನ ಗಂಟನ್ನು ಬೆರಳಿನಿಂದಲೇ ತಿಳಿಯುವಂತೆ ಈ ರಂಧ್ರವು ವಿಷವನ್ನು ಗಂಟಿನಿಂದ ತಿಳಿಯುತ್ತದೆ.

ಇಷ್ಟು ಕೇಳಿ ನಾನು ಉತ್ಸಾಹದಿಂದ, "ಹಾಗಾದರೆ ಒಂದನ್ನು ನಮ್ಮ ಮನೆಗೆ ತಂದುಕೊಡು" ಎಂದೆ. ಶಿಷ್ಯನು ನಕ್ಕನು. ಈ ಲೋಹಪರೀಕ್ಷೆ ಇನ್ನೂ ಪ್ರಯೋಗಶಾಲೆಯ ಹೊಸಲನ್ನು ದಾಟಿಲ್ಲ. ಕೊಬ್ಬಿನ ಪೊರೆ ಬಹು ಸುಕುಮಾರ; ಸ್ವಲ್ಪ ಅಲುಗಾಡಿದರೂ ಹರಿದುಹೋಗುತ್ತದೆ. ಗಟ್ಟಿಯಾದ ಸಿಲಿಕಾನ್ ನೈಟ್ರೈಡಿನ ಹಾಳೆಯಲ್ಲಿ ರಂಧ್ರವನ್ನು ಕೊರೆಯುವ ಕ್ರಮವನ್ನು ಹಾರ್ವರ್ಡಿನವರು ೨೦೦೧ರಲ್ಲಿ ತೋರಿಸಿದರು. ಅದು ಬಾಳುತ್ತದೆ, ಆದರೆ ಒಂದು ರಂಧ್ರ ಇನ್ನೊಂದರಂತೆ ಇರುವುದು ಕಷ್ಟ. ಮೇಲಾಗಿ ಪ್ರಯೋಗಶಾಲೆಯ ನೀರು ಬೇರೆ, ಬಾವಿಯ ನೀರು ಬೇರೆ. ಬಾವಿಯ ನೀರಿನಲ್ಲಿ ಸುಣ್ಣ, ಕಬ್ಬಿಣ, ಮಣ್ಣು, ಕೊಳೆತ ಎಲೆಯ ರಸ ಎಲ್ಲವೂ ಇದ್ದು ರಂಧ್ರವನ್ನು ತಬ್ಬಿಬ್ಬುಮಾಡುತ್ತವೆ. ನಮ್ಮ ಸಾರಿನ ಮಾತಂತೂ ಬೇಡವೇ ಬೇಡ. "ನಿಮ್ಮ ಸಾರಿನಲ್ಲಿ ಇಂಗು ಎಷ್ಟು, ಮೆಣಸು ಎಷ್ಟು ಎಂಬುದರಲ್ಲಿಯೇ ಅದು ಸೋತುಹೋಗುತ್ತದೆ, ಮೇಷ್ಟ್ರೇ" ಎಂದನು. ಬಹಳ ಜನ ಬಹಳ ಕಡೆ ದುಡಿಯುತ್ತಿದ್ದಾರಂತೆ. ಅಲ್ಲಿಯ ತನಕ ನೀರನ್ನೂ ಪಾತ್ರೆಯನ್ನೂ ದೊಡ್ಡ ಯಂತ್ರಗಳ ಬಳಿಗೇ ಒಯ್ಯಬೇಕು.

ಅವನು ಹೋದ ಮೇಲೆ ನಾನು ಒಂದು ವಿಷಯವನ್ನು ಕುರಿತು ಬಹಳ ಹೊತ್ತು ಯೋಚಿಸಿದೆ. ನಮ್ಮಲ್ಲಿ ಸ್ಥಾಲೀಪುಲಾಕನ್ಯಾಯವೆಂದು ಒಂದು ಉಂಟು. ಪಾತ್ರೆಯಲ್ಲಿರುವ ಅನ್ನ ಬೆಂದಿದೆಯೇ ಎಂದು ತಿಳಿಯುವುದಕ್ಕೆ ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ನನ್ನ ಆಯುಷ್ಯವನ್ನೆಲ್ಲ ನಾನು ಈ ನ್ಯಾಯದಿಂದಲೇ ಕಳೆದೆ. ಒಬ್ಬ ಸತ್ಪುರುಷನಿಂದ ವಂಶವನ್ನೂ, ಒಂದು ಒಳ್ಳೆಯ ಹಳೆಯ ಪಾತ್ರೆಯಿಂದ ಆ ಬಗೆಯ ಪಾತ್ರೆಗಳನ್ನೆಲ್ಲವನ್ನೂ ಅಳೆದೆ. ಆದರೆ ಆ ನ್ಯಾಯದಲ್ಲಿಯೇ ಒಂದು ಕಟ್ಟು ಇದೆ: ಅಗುಳು ಆ ಪಾತ್ರೆಯದೇ ಆಗಿರಬೇಕು. ನಾನು ಹಳೆಯ ಪಾತ್ರೆಯ ಅಗುಳನ್ನು ಹಿಸುಕಿ ಹೊಸ ಪಾತ್ರೆಯ ಅನ್ನ ಬೆಂದಿದೆಯೆಂದು ಹೇಳಿದೆ. ಅದನ್ನು ಕಂಡು ಕೇಳಿದವಳ ಮೇಲೆ ಮುನಿಸಿಕೊಂಡೆ.

ಪ್ರತ್ಯಕ್ಷವೆಂದರೆ ಪ್ರಮಾಣಗಳಲ್ಲಿ ಹಿರಿಯದು. ಆದರೆ ಇಂಥ ವಿಷಗಳ ಮುಂದೆ ಐದು ಇಂದ್ರಿಯಗಳೂ ಮಂಕು. ಕುಡಿಯುವ ನೀರಿನಲ್ಲಿ ಸೀಸಕ್ಕೆ ನಮ್ಮ ದೇಶದ ಮಾನಕವು ಇಟ್ಟಿರುವ ಮಿತಿ ಲೀಟರಿಗೆ ೧೦ ಮೈಕ್ರೋಗ್ರಾಂ. ನೂರು ಕೋಟಿ ಪಾಲಿನಲ್ಲಿ ಹತ್ತು ಪಾಲು. ಅದರ ನೂರರಷ್ಟು ಇದ್ದರೂ ನೀರು ತಿಳಿಯಾಗಿಯೇ ಇರುತ್ತದೆ. ನಾಲಗೆಯಂತೂ ಶತ್ರುಪಕ್ಷದ್ದು; ಸೀಸದ ಕೆಲವು ಲವಣಗಳು ಸಿಹಿ. ರೋಮಿನವರು ದ್ರಾಕ್ಷಿಯ ರಸವನ್ನು ಸೀಸದ ಪಾತ್ರೆಯಲ್ಲಿಯೇ ಕಾಯಿಸಬೇಕೆಂದು ಗ್ರಂಥಗಳಲ್ಲಿ ಬರೆದು, ಚಪ್ಪರಿಸಿ ಕುಡಿದರು. ದೂರ ಹೋಗಬೇಕಾದದ್ದೂ ಇಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕಿರದಳ್ಳಿ ತಾಂಡಾ ಎಂಬ ಊರಿದೆ. ಹತ್ತಿರದಲ್ಲಿ ಮಂಗಳೂರೆಂಬ ಹಳ್ಳಿಯ ಹಳೆಯ ಚಿನ್ನದ ಗಣಿಯ ನೆಲ. ಅಲ್ಲಿಯ ನೆಲದ ನೀರಿನಲ್ಲಿ ಆರ್ಸೆನಿಕ್, ಎಂದರೆ ಪಾಷಾಣ, ಇದ್ದಿತು. ಜನ ಅದನ್ನು ವರ್ಷಗಟ್ಟಲೆ ಕುಡಿದರು. ಮೈಮೇಲೆ ಕಲೆ, ಅಂಗೈ ಅಂಗಾಲುಗಳಲ್ಲಿ ಗಂಟು ಕಂಡಮೇಲೆ ಅಲ್ಲವೆ ನೀರಿನ ಗುಟ್ಟು ಹೊರಬಿದ್ದದ್ದು? ಅವರ ಮೈಯೇ ಅವರಿಗೆ ಪರೀಕ್ಷಾಯಂತ್ರವಾಯಿತು. ನನ್ನ ಮೊಮ್ಮಗನ ಮೈಯೂ ಹಾಗೆಯೇ. ಆ ಸೂಕ್ಷ್ಮರಂಧ್ರವು ಒಂದು ದಿನ ಬಡವನ ಕೈಗೆ ಎಟಕುವ ಬೆಲೆಗೆ ಬರಲೆಂದು ನಾನು ಹಾರೈಸುವುದು ಇದಕ್ಕಾಗಿ. ಮಕ್ಕಳ ರಕ್ತವು ಹೇಳುವುದಕ್ಕೆ ಮುಂಚೆ ನೀರೇ ತನ್ನ ದೋಷವನ್ನು ಹೇಳಿಕೊಳ್ಳುವಂತಾಗಬೇಕು.

ಪಾತ್ರೆಯನ್ನು ಮಾರಿದವನ ಬಳಿಗೂ ನಾನು ಹೋದೆ. ಜಗಳವಾಡಬೇಕೆಂದೇ ಹೋದವನು. ಅವನು ನನ್ನ ಮಾತನ್ನು ಪೂರ್ತಿ ಕೇಳಿ, "ಸ್ವಾಮಿ, ಎರಕ ಹೊಯ್ಯುವವನು ಕೊಟ್ಟದ್ದನ್ನು ನಾನು ಮಾರುತ್ತೇನೆ. ಒಳಗೆ ಏನಿದೆಯೆಂದು ನನಗೆ ಹೇಗೆ ಗೊತ್ತಾಗಬೇಕು? ನಮ್ಮ ಮನೆಯಲ್ಲಿ ಇರುವುದೂ ಅದೇ ಪಾತ್ರೆ" ಎಂದನು. ಹಾಗೆಂದು ಅವನು ಒಂದು ಗಳಿಗೆ ಸುಮ್ಮನಾದನು. ಅವನ ಅಂಗಡಿಯ ಮೂಲೆಯಲ್ಲಿ ನಮ್ಮ ಹುಡುಗನಿಗಿಂತ ಚಿಕ್ಕವಳಾದ ಒಂದು ಹೆಣ್ಣುಮಗು ಲೋಟಗಳನ್ನು ಒಂದರ ಮೇಲೊಂದು ಇಟ್ಟು ಆಡುತ್ತಿದ್ದಿತು. ನನ್ನ ಜಗಳ ಅಲ್ಲಿಗೆ ಮುಗಿಯಿತು. ಶಿಷ್ಯನ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು ಬಂದೆ. ಅವನು ತನ್ನ ಮನೆಯ ಪಾತ್ರೆಯನ್ನು ಕಳುಹಿಸಿದನೆಂದೂ, ಆ ಬಗೆಯ ಪಾತ್ರೆಗಳನ್ನು ಅಂಗಡಿಯಿಂದ ತೆಗೆದನೆಂದೂ ಆಮೇಲೆ ತಿಳಿಯಿತು.

ಮೊಮ್ಮಗನು ಈಗ ಸುಧಾರಿಸಿಕೊಂಡಿದ್ದಾನೆ. ಪಾತ್ರೆಯನ್ನು ಬಿಟ್ಟ ಆರು ತಿಂಗಳಿಗೆ ರಕ್ತದಲ್ಲಿ ೬ ಮೈಕ್ರೋಗ್ರಾಂ ಬಂದಿದೆ. ಕಬ್ಬಿಣದ ಔಷಧ, ಹಾಲು, ಸೊಪ್ಪು ನಡೆಯುತ್ತಿವ��. ಮೂಳೆಗೆ ಇಳಿದದ್ದು ನಿಧಾನವಾಗಿಯೇ ಬರಬೇಕು. ಹೋದ ಬುದ್ಧಿಯೆಷ್ಟು, ಉಳಿದ ಬುದ್ಧಿಯೆಷ್ಟು ಎಂದು ಅಳೆಯುವ ಯಂತ್ರವಿಲ್ಲ. ಇದ್ದರೂ ನಾನು ಅದರ ಮುಂದೆ ನಿಲ್ಲಲಾರೆ. ಆದರೆ ಮೊನ್ನೆ ಅವನು ನನ್ನ ಕಥೆಯನ್ನು ಕೊನೆಯ ತನಕ ಕೇಳಿ, "ಆಮೇಲೆ, ತಾತ?" ಎಂದನು. ಒಳಗೆ ಸೊಸೆಯ ಕೈಯ ಸೌಟು ನಿಂತದ್ದು ನನಗೆ ಕೇಳಿಸಿತು. ಆಕೆಯೂ ಆ ಮಾತಿಗೆ ಕಾದಿದ್ದಳು. ಅಂದು ರಾತ್ರಿ ಊಟಕ್ಕೆ ಕುಳಿತಾಗ ನಾನು, "ಅಂದು ನಿನ್ನ ಮಾತು ಕೇಳಬೇಕಾಗಿತ್ತಮ್ಮ" ಎಂದೆ. ಆಕೆ, "ಸಾರು ಆರುತ್ತದೆ ಮಾವ, ಊಟ ಮಾಡಿ" ಎಂದಳು. ಸ್ಟೀಲಿನ ಪಾತ್ರೆಯ ಸಾರು ಅದು. ಚೆನ್ನಾಗಿದ್ದಿತು.

ಆ ಪಾತ್ರೆಯನ್ನು ಏನು ಮಾಡುವುದೆಂಬುದು ಒಂದು ಸಮಸ್ಯೆಯಾಯಿತು. ಹಳೆಯ ಸಾಮಾನಿನವನಿಗೆ ಹಾಕಿದರೆ ಅದು ಕರಗಿ ಇನ್ನೊಂದು ಪಾತ್ರೆಯಾಗಿ ಇನ್ನೊಂದು ಮನೆಯ ಒಲೆಯನ್ನು ಏರುವುದು ನಿಶ್ಚಯ. ಕೆರೆಗೆ ಎಸೆದರೆ ಕೆರೆಯೇ ಪಾತ್ರೆಯಾಗುತ್ತದೆ. ಆದುದರಿಂದ ಅದನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಹಾಕಿ, ಅಟ್ಟದ ಮೇಲೆ ಇಟ್ಟಿದ್ದೇನೆ. ಪೆಟ್ಟಿಗೆಯ ಮೇಲೆ, "ಸೀಸ ಬೆರೆತಿದೆ, ಅಡುಗೆಗೆ ಆಗದು, ಮಾರಕೂಡದು" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ನನ್ನ ತರುವಾಯ ಅದನ್ನು ತೆರೆಯುವವರಿಗೆ ಇಷ್ಟು ತಿಳಿದರೆ ಸಾಕು. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿಯೂ ತವರದ ಪಾತ್ರೆಗಳು ಇರಬಹುದು. ಅಜ್ಜಿಯ ಕಾಲದವು ಇರಬಹುದು, ನಿನ್ನೆ ಕೊಂಡವು ಇರಬಹುದು. ಅವುಗಳಲ್ಲಿ ಶುದ್ಧವಾದುವೂ ನಿಸ್ಸಂದೇಹವಾಗಿ ಉಂಟು. ಯಾವುದು ಶುದ್ಧ ಎಂಬುದನ್ನು ಮಾತ್ರ ದಯವಿಟ್ಟು ಪ್ರೀತಿಯಿಂದ ನಿಶ್ಚಯಿಸಬೇಡಿರಿ. ಪರೀಕ್ಷೆ ಮಾಡಿಸಿರಿ. ಮನೆಯಲ್ಲಿ ಯಾರಾದರೂ ಸಂಶಯಪಟ್ಟು ಕೇಳಿದರೆ, ಪುಸ್ತಕದಿಂದ ತಲೆ ಎತ್ತಿ ಉತ್ತರ ಹೇಳಿರಿ.